ಅಪ್ಪನ ಗಲ್ಲದ ಕುರುಚಲು ಗಡ್ಡ: ಬೆಳಕು ಹಿಡಿಯುವ ಮೂರು ದಾರಿ, ನಾಯ್ಸ್ ತೆಗೆಯುವ ಐದು ದಾರಿ

ಅಪ್ಪ ರಾತ್ರಿ ಹೊತ್ತು ಟೇಬಲ್ ಲ್ಯಾಂಪ್ ಪಕ್ಕ ಕೂತು ಓದುತ್ತಾರೆ. ಕೋಣೆಯ ದೊಡ್ಡ ಲೈಟ್ ಆರಿಸಿರುತ್ತಾರೆ. ಮುಖದ ಒಂದು ಬದಿಗೆ ಮಾತ್ರ ಬೆಳಕು. ಎರಡು ದಿನ ಶೇವ್ ಮಾಡದ ಗಲ್ಲದ ಮೇಲೆ ಬಿಳಿ ಕುರುಚಲು ಗಡ್ಡ, ಹೆಗಲ ಮೇಲೆ ಒರಟು ನೇಯ್ಗೆಯ ಉಣ್ಣೆ ಶಾಲು, ಹಿಂದೆ ಕತ್ತಲಲ್ಲಿ ಪುಸ್ತಕದ ಕಪಾಟು. ಈ ಫೋಟೊ ನನಗೆ ಬೇಕೇ ಬೇಕಿತ್ತು. ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಗಲ್ಲದ ತುಂಬ ಮರಳು ಎರಚಿದ ಹಾಗೆ ನಾಯ್ಸ್, ಅಂದರೆ ಚಿತ್ರದಲ್ಲಿ ಇರಬಾರದ ಸಣ್ಣ ಚುಕ್ಕೆಗಳು. ಯಾವುದು ಕೂದಲು, ಯಾವುದು ನಾಯ್ಸ್ ಅಂತ ಹೇಳಲು ಆಗುತ್ತಿರಲಿಲ್ಲ. ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ.

ಆಮೇಲೆ ಮೂರು ವಾರ ಇದನ್ನೇ ಹಿಡಿದು ಕೂತೆ. ಅದೇ ಕುರ್ಚಿ, ಅದೇ ಲ್ಯಾಂಪ್, ಅದೇ ಶಾಲು. ಎಕ್ಸ್‌ಪೋಶರ್ (ಎಷ್ಟು ಬೆಳಕು ಹಿಡಿಯುವುದು ಎಂಬುದು) ಬದಲಿಸಿ ನೋಡಿದೆ, ನಾಯ್ಸ್ ತೆಗೆಯುವ ಬೇರೆ ಬೇರೆ ವಿಧಾನ ಪಕ್ಕಪಕ್ಕ ಇಟ್ಟು ನೋಡಿದೆ, ಕೊನೆಗೆ ನಾವು ಆರು ಜನ ಗೆಳೆಯರು ಫೋಟೊ ಹಂಚಿಕೊಳ್ಳುವ ಗುಂಪಿಗೆ ಕಳಿಸಿ ಅಭಿಪ್ರಾಯ ಕೇಳಿದೆ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಸಾಧಾರಣ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್‌ನದ್ದು), ಲೆನ್ಸ್ 50 ಎಂಎಂ. ಎಲ್ಲವೂ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹೆಚ್ಚು ಬದಲಿಸದೆ ಉಳಿಸುವ ಫೈಲ್), ಜೊತೆಗೆ ಕ್ಯಾಮೆರಾದ ಜೆಪೆಗ್ ಕೂಡ.

ಮೊದಲು ಎಕ್ಸ್‌ಪೋಶರ್. ಮೂರು ದಾರಿ ಇಟ್ಟುಕೊಂಡೆ.

ಒಂದನೆಯದು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಹೇಳಿದ ಹಾಗೆ: ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8, ಶಟರ್ (ಬೆಳಕು ಬೀಳಲು ಬಿಡುವ ಸಮಯ) 1/125 ಸೆಕೆಂಡ್, ಐಎಸ್‌ಒ (ಬಂದ ಬೆಳಕನ್ನು ಎಷ್ಟು ಎತ್ತಿ ತೋರಿಸಬೇಕು ಎಂಬುದು) 6400. ಎರಡನೆಯದು ಅದೇ ಅಪರ್ಚರ್, ಅದೇ ಶಟರ್, ಐಎಸ್‌ಒ ಮಾತ್ರ 800. ಫೋಟೊ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಕತ್ತಲಾಗಿ ಬರುತ್ತದೆ, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮೂರು ಸ್ಟಾಪ್ ಎತ್ತುವುದು. ಮೂರನೆಯದು ಶಟರ್ ನಿಧಾನ ಮಾಡುವುದು: 1/30, ಐಎಸ್‌ಒ 1600. ಅಂದರೆ ಸೆನ್ಸರ್‌ಗೆ ನಾಲ್ಕು ಪಟ್ಟು ಬೆಳಕು.

ಒಂದು ಮತ್ತು ಎರಡನ್ನು ಪಕ್ಕಪಕ್ಕ ಇಟ್ಟಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಐಎಸ್‌ಒ ಜಾಸ್ತಿ ಮಾಡಿದ್ದರಿಂದಲೇ ನಾಯ್ಸ್ ಬಂತು ಅಂತ ನಾವೆಲ್ಲ ಹೇಳುತ್ತಿರುತ್ತೇವೆ, ಅಲ್ವಾ? ಹಾಗಿದ್ದರೆ 800ರ ಫೋಟೊ ಚೊಕ್ಕ ಇರಬೇಕಿತ್ತು. ಮುಖದ ಮೇಲೆ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಯಾಕೆಂದರೆ ಎರಡಕ್ಕೂ ಬಿದ್ದ ಬೆಳಕು ಒಂದೇ. ಬೆಳಕು ಫೋಟಾನ್‌ಗಳಾಗಿ ಬರುತ್ತದೆ, ಮಳೆ ಹನಿಯ ಹಾಗೆ, ಲೆಕ್ಕ ತಪ್ಪಿ ಬರುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಬಂದರೆ ಏರುಪೇರು ಸುಮಾರು 10. ಅಂದರೆ ನೂರಕ್ಕೆ ಹತ್ತು. 400 ಬಂದರೆ ಏರುಪೇರು 20, ನೂರಕ್ಕೆ ಐದು. 10,000 ಬಂದರೆ ಏರುಪೇರು 100, ನೂರಕ್ಕೆ ಒಂದೇ ಒಂದು. ಈ ಏರುಪೇರೇ ನಮ್ಮ ಕಣ್ಣಿಗೆ ಮರಳಿನ ಹಾಗೆ ಕಾಣುವ ನಾಯ್ಸ್‌ನ ದೊಡ್ಡ ಪಾಲು. ಐಎಸ್‌ಒ ಇದರಲ್ಲಿ ಏನನ್ನೂ ಸೇರಿಸುವುದಿಲ್ಲ, ಬಂದಿದ್ದನ್ನು ಎತ್ತಿ ತೋರಿಸುತ್ತದೆ ಅಷ್ಟೆ.

ವ್ಯತ್ಯಾಸ ಇದ್ದದ್ದು ಎರಡು ಕಡೆ. ಕಪಾಟಿನ ಅತಿ ಕತ್ತಲ ಮೂಲೆಯಲ್ಲಿ 800ರ ಫೋಟೊಗೆ ನೇರಳೆ ಬಣ್ಣದ ಸಣ್ಣ ಸಣ್ಣ ಮಚ್ಚೆಗಳು. ಅಲ್ಲಿ ಬೆಳಕೇ ಇಲ್ಲ, ಕ್ಯಾಮೆರಾದ ಎಲೆಕ್ಟ್ರಾನಿಕ್ಸ್ ತಾನೇ ಸೇರಿಸುವ ನಾಯ್ಸ್ ಮೇಲೆದ್ದು ಕಾಣುತ್ತದೆ. ಕಡಿಮೆ ಐಎಸ್‌ಒದಲ್ಲಿ ಇಟ್ಟು ಆಮೇಲೆ ಎತ್ತಿದರೆ ಅದು ಸ್ವಲ್ಪ ಜಾಸ್ತಿ. ಇದು ಒಂದೊಂದು ಸೆನ್ಸರ್‌ನಲ್ಲಿ ಒಂದೊಂದು ಥರ, ನಿಮ್ಮ ಕ್ಯಾಮೆರಾದಲ್ಲಿ ನೀವೇ ನೋಡಿಕೊಳ್ಳಬೇಕು. ಇನ್ನೊಂದು ಕಡೆ ಲ್ಯಾಂಪ್ ಶೇಡ್. 6400ರಲ್ಲಿ ಅದು ಸುಟ್ಟು ಬಿಳಿ ತೇಪೆಯಾಗಿತ್ತು. 800ರಲ್ಲಿ ಶೇಡಿನ ಬಟ್ಟೆಯ ಮಡಿಕೆ, ಹೊಲಿಗೆ ಎಲ್ಲ ಉಳಿದಿತ್ತು. ಆಗ ನಾನು ಇದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ನನ್ನ ಕಣ್ಣೆಲ್ಲ ಗಲ್ಲದ ಮೇಲಿತ್ತು.

ಮೂರನೆಯ ದಾರಿ, ಅಂದರೆ 1/30, ಕಣ್ಣಿಗೆ ಹಬ್ಬ. ಬೆಳಕು ನಾಲ್ಕು ಪಟ್ಟು, ನಾಯ್ಸ್ ಅರ್ಧ. ಕೂದಲು ಕೂದಲಾಗಿಯೇ ಕಂಡಿತು. ಆದರೆ ಅಪ್ಪ ಗೊಂಬೆಯಲ್ಲ. ಪುಟ ತಿರುಗಿಸುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಸುಮ್ನೆ ಕೂತಾಗಲೂ ತಲೆ ಒಂಚೂರು ತೂಗುತ್ತದೆ. ಇಪ್ಪತ್ತು ಫೋಟೊದಲ್ಲಿ ಆರು ಮಾತ್ರ ಶಾರ್ಪ್ ಬಂದವು. ಓದುತ್ತಾ ಇರುವವರ ಹತ್ತಿರ ಇಪ್ಪತ್ತು ಸಲ ಕ್ಲಿಕ್ ಮಾಡಿದರೆ ಅವರು ಓದುವುದನ್ನು ಬಿಟ್ಟು ಫೋಟೊಗೆ ಕೂರಲು ಶುರು ಮಾಡುತ್ತಾರೆ. ಅದು ದೊಡ್ಡ ನಷ್ಟ. ಆದರೂ ಬ್ಲರ್ ಮತ್ತು ನಾಯ್ಸ್ ನಡುವೆ ಆರಿಸಬೇಕಾದರೆ ನಾನು ನಾಯ್ಸನ್ನೇ ಒಪ್ಪಿಕೊಳ್ಳುತ್ತೇನೆ. ನಾಯ್ಸ್ ಕಡಿಮೆ ಮಾಡಬಹುದು, ಅಲುಗಿದ ಕಣ್ಣನ್ನು ಸರಿಮಾಡಲು ಆಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಹಿಸ್ಟೋಗ್ರಾಂ (ಫೋಟೊದಲ್ಲಿ ಎಷ್ಟು ಕತ್ತಲು, ಎಷ್ಟು ಬೆಳಕು ಇದೆ ಎಂದು ತೋರಿಸುವ ನಕ್ಷೆ) ಬಲಕ್ಕೆ, ಅಂದರೆ ಬೆಳಕಿನ ಕಡೆಗೆ, ಒತ್ತಿ ತೆಗೆಯಿರಿ ಅಂತ ಒಂದು ಹಳೆಯ ಸಲಹೆ ಇದೆ. 2003ರಲ್ಲಿ ಛಾಯಾಗ್ರಾಹಕ ಮೈಕೆಲ್ ರೈಕ್‌ಮನ್ ಬರೆದ ಲೇಖನದಿಂದ ಅದು ಜನಪ್ರಿಯವಾಯಿತು. ಅವರು ಕೊಟ್ಟ ಕಾರಣ, ರಾ ಫೈಲಿನಲ್ಲಿ ಅತಿ ಬೆಳಕಿನ ಸ್ಟಾಪ್‌ಗೇ ಅರ್ಧದಷ್ಟು ಮಟ್ಟಗಳು ಸಿಗುತ್ತವೆ ಎಂಬುದು. 12 ಬಿಟ್ ಫೈಲಿನ 4096 ಮಟ್ಟಗಳಲ್ಲಿ 2048 ಅಲ್ಲೇ ಹೋಗುತ್ತವೆ. ಲೆಕ್ಕ ಸರಿ. ಆದರೆ ಉಪಯೋಗ ಬರುವುದು ಮಟ್ಟಗಳಿಂದಲ್ಲ, ಜಾಸ್ತಿ ಬೆಳಕು ಬಿದ್ದದ್ದರಿಂದ. ಹಾಗಾಗಿ ಶಟರ್ ಅಥವಾ ಅಪರ್ಚರ್‌ನಿಂದ ಬಲಕ್ಕೆ ಒತ್ತಿದರೆ ಲಾಭ. ಬರೀ ಐಎಸ್‌ಒ ಏರಿಸಿ ಒತ್ತಿದರೆ ಲಾಭ ತೀರ ಕಡಿಮೆ, ಹೈಲೈಟ್ (ಅತಿ ಬೆಳಕಿನ ಭಾಗ) ಮಾತ್ರ ಬೇಗ ಸುಡುತ್ತದೆ. ಇನ್ನು ಕ್ಯಾಮೆರಾ ಪರದೆಯ ಹಿಸ್ಟೋಗ್ರಾಂ ಸಾಮಾನ್ಯವಾಗಿ ಜೆಪೆಗ್‌ನದ್ದು, ರಾ ಫೈಲಿನದ್ದಲ್ಲ. ಅದು ಸುಟ್ಟಿದೆ ಅಂದಾಗಲೂ ರಾದಲ್ಲಿ ಸ್ವಲ್ಪ ಉಳಿದಿರುವುದು ಉಂಟು.

ಈಗ ನಾಯ್ಸ್ ತೆಗೆಯುವುದು. ಇದಕ್ಕೆ ಬೇಕಂತಲೇ ಕಷ್ಟದ ಫೈಲ್ ತೆಗೆದುಕೊಂಡೆ, ಐಎಸ್‌ಒ 6400ರದ್ದು. ಮೂರು ಜಾಗ ಮಾತ್ರ ನೋಡುವುದು ಅಂತ ಗೊತ್ತು ಮಾಡಿಕೊಂಡೆ: ಗಲ್ಲ, ಶಾಲಿನ ನೇಯ್ಗೆ, ಪುಸ್ತಕದ ಪುಟದ ಮೇಲಿನ ಅಕ್ಷರ.

ಕ್ಯಾಮೆರಾದ ಜೆಪೆಗ್: ಗೋಡೆ ನುಣ್ಣಗೆ, ಗಲ್ಲ ಮೇಣದ ಹಾಗೆ. ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ 'ಲೋ'ಗೆ ಇಟ್ಟ ಮೇಲೆ ಎಷ್ಟೋ ಸುಧಾರಿಸಿತು. ರಾ ಎಡಿಟ್ ಮಾಡಲು ಮನಸ್ಸಿಲ್ಲದವರು ಇದೊಂದು ಬದಲಾವಣೆ ಮಾಡಿಕೊಂಡರೂ ಸಾಕು.

ರಾ ಎಡಿಟ್ ಮಾಡುವ ತಂತ್ರಾಂಶದ ಸ್ಲೈಡರ್‌ಗಳು: ಇದರಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಕಲರ್ ನಾಯ್ಸ್ ಅಂದರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು. ಲ್ಯೂಮಿನೆನ್ಸ್ ನಾಯ್ಸ್ ಅಂದರೆ ಕಪ್ಪು ಬಿಳುಪಿನ ಮರಳು. ಕಲರ್ ಸ್ಲೈಡರನ್ನು ಧೈರ್ಯವಾಗಿ ಎಳೆಯಬಹುದು. ನಮ್ಮ ಕಣ್ಣು ಬೆಳಕಿನ ಸೂಕ್ಷ್ಮ ವ್ಯತ್ಯಾಸ ಹಿಡಿಯುವಷ್ಟು ಬಣ್ಣದ ಸೂಕ್ಷ್ಮ ಹಿಡಿಯುವುದಿಲ್ಲ. ಜೆಪೆಗ್ ಕೂಡ ಅದಕ್ಕೇ ಬಣ್ಣವನ್ನು ಎಷ್ಟೋ ಸಲ ಕಾಲು ಭಾಗ ವಿವರದಲ್ಲಿ ಮಾತ್ರ ಉಳಿಸಿಕೊಳ್ಳುತ್ತದೆ. ಲ್ಯೂಮಿನೆನ್ಸ್ ಸ್ಲೈಡರ್ ಹಾಗಲ್ಲ. 15ರಲ್ಲಿ ಗಲ್ಲ ಚೆನ್ನಾಗಿತ್ತು. 40ರಲ್ಲಿ ಕುರುಚಲು ಒಂದಕ್ಕೊಂದು ಅಂಟಿಕೊಂಡು ಬೂದಿ ಮೆತ್ತಿದ ಹಾಗಾಯಿತು. 60ರಲ್ಲಿ ಅಪ್ಪ ಆಗಷ್ಟೇ ಶೇವ್ ಮಾಡಿಕೊಂಡು ಬಂದಂತೆ ಇದ್ದರು.

ಮೂರನೆಯದು ಡಾರ್ಕ್‌ಟೇಬಲ್. ಉಚಿತ ತಂತ್ರಾಂಶ. ಇದರಲ್ಲಿ ಕ್ಯಾಮೆರಾ ಮಾದರಿಗೆ ಮತ್ತು ಐಎಸ್‌ಒಗೆ ತಕ್ಕ ಹಾಗೆ ಮೊದಲೇ ಅಳೆದಿಟ್ಟ ಪ್ರೊಫೈಲ್ ಬಳಸುವ ಡಿನಾಯ್ಸ್ ಇದೆ. ಅದರ ಒಂದು ವಿಧಾನಕ್ಕೆ ನಾನ್-ಲೋಕಲ್ ಮೀನ್ಸ್ ಅಂತ ಹೆಸರು, 2005ರಲ್ಲಿ ಬಂದದ್ದು. ಪಕ್ಕದ ಪಿಕ್ಸೆಲ್‌ಗಳನ್ನು ಸುಮ್ನೆ ಕಲಸುವ ಬದಲು, ಈ ತುಣುಕಿನ ಹಾಗೇ ಕಾಣುವ ಬೇರೆ ತುಣುಕುಗಳು ಚಿತ್ರದಲ್ಲಿ ಎಲ್ಲಿವೆ ಅಂತ ಹುಡುಕಿ ಅವುಗಳ ಸರಾಸರಿ ತೆಗೆಯುತ್ತದೆ. ಇದು ತಿಳಿದ ಮೇಲೆ ಫಲಿತಾಂಶ ಅರ್ಥವಾಯಿತು. ಶಾಲಿನ ನೇಯ್ಗೆ ಅದ್ಭುತವಾಗಿ ಉಳಿದಿತ್ತು. ಒಂದೊಂದು ಎಳೆ ಇನ್ನೊಂದರ ಕೆಳಗೆ ಹೋಗಿ ಮೇಲೆ ಬರುವುದು ಕಾಣುತ್ತಿತ್ತು. ನೇಯ್ಗೆ ಮತ್ತೆ ಮತ್ತೆ ಅದೇ ಥರ ಬರುತ್ತದಲ್ಲ, ಹುಡುಕಿದರೆ ಜೋಡಿ ಸಿಗುತ್ತದೆ. ಗಲ್ಲದ ಕೂದಲು ಒಂದೊಂದು ಒಂದೊಂದು ದಿಕ್ಕಿಗೆ. ಅದಕ್ಕೆ ಜೋಡಿ ಇಲ್ಲ, ಹಾಗಾಗಿ ಅಲ್ಲಿ ಕೂದಲು ತೆಳುವಾಗಿ ಹೋಗಿತ್ತು.

ನಾಲ್ಕನೆಯದು ಎಐ ಡಿನಾಯ್ಸ್. ಮೊದಲ ನೋಟಕ್ಕೆ ಉಳಿದ ಎಲ್ಲವನ್ನೂ ಹಿಂದೆ ಹಾಕಿತು, ಅದರಲ್ಲಿ ಅನುಮಾನ ಬೇಡ. ಗೋಡೆ ಚೊಕ್ಕ, ಶಾಲು ಶಾರ್ಪ್, ಕಣ್ಣಿನ ರೆಪ್ಪೆ ಎಣಿಸುವ ಹಾಗಿತ್ತು. ಆಮೇಲೆ 200 ಪರ್ಸೆಂಟ್‌ಗೆ ಹೋಗಿ ಗಲ್ಲ ನೋಡಿದೆ. ಕೆಲವು ಕೂದಲು ಸೂಜಿಯಷ್ಟು ಚೂಪು. ಪಕ್ಕದಲ್ಲೇ ಬೆರಳಗಲ ಜಾಗ ನುಣ್ಣಗೆ. ಮತ್ತೆ ನಾಲ್ಕು ಕೂದಲು. ಗಡ್ಡ ಹಾಗೆ ಬೆಳೆಯುವುದಿಲ್ಲ. ಪುಸ್ತಕದ ಪುಟಕ್ಕೆ ಹೋದೆ. ದೂರದಿಂದ ಅಕ್ಷರಗಳು ಸ್ಪಷ್ಟ ಅನ್ನಿಸಿದ್ದವು. ಹತ್ತಿರ ಹೋದರೆ ಅವು ಅಕ್ಷರಗಳೇ ಅಲ್ಲ. ಅಕ್ಷರದ ಹಾಗೆ ಕಾಣುವ ಗೆರೆಗಳು. ಮೂಲ ಫೈಲಿನಲ್ಲಿ ಮಸುಕಾಗಿದ್ದರೂ 'ದ' ಎಂದು ಊಹಿಸಬಹುದಾಗಿದ್ದ ಅಕ್ಷರ ಇಲ್ಲಿ ಯಾವ ಲಿಪಿಗೂ ಸೇರದ ಆಕಾರವಾಗಿತ್ತು. ಕಲಿಸಿದ ಲಕ್ಷಾಂತರ ಚಿತ್ರಗಳ ನೆನಪಿನಿಂದ ಅದು ಇಲ್ಲದ್ದನ್ನು ತುಂಬುತ್ತದೆ. ಹಕ್ಕಿಯ ಗರಿಗೆ, ಪ್ರಾಣಿಯ ರೋಮಕ್ಕೆ ಅದು ಎಷ್ಟೋ ಸಲ ಸರಿಯಾಗಿ ತುಂಬುತ್ತದೆ. ನನಗೆ ಬೇಕಾಗಿದ್ದು ನಮ್ಮಪ್ಪನ ಗಲ್ಲ, ಯಾರದೋ ಗಲ್ಲ ಅಲ್ಲ. ಬಲವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ಮೂಲದ ನಾಯ್ಸ್ ಸ್ವಲ್ಪ ಬೆರೆಯಲು ಬಿಟ್ಟಾಗ ಮಾತ್ರ ಇದು ಗೆದ್ದಿತು. ಆಗ ನಿಜವಾಗಿಯೂ ಗೆದ್ದಿತು.

ಐದನೆಯದು ಸ್ಟ್ಯಾಕಿಂಗ್. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಒಂದೇ ದೃಶ್ಯವನ್ನು 16 ಸಲ ತೆಗೆದು ಸರಾಸರಿ ಮಾಡುವುದು. ನಾಲ್ಕು ಫೋಟೊಗೆ ನಾಯ್ಸ್ ಅರ್ಧ, ಹದಿನಾರಕ್ಕೆ ಕಾಲು ಭಾಗ. ಅಪ್ಪ ಎದ್ದು ಹೋದ ಮೇಲೆ ಖಾಲಿ ಕುರ್ಚಿಯ ಮೇಲಿನ ಶಾಲನ್ನು ಹೀಗೆ ತೆಗೆದೆ. ಐದರಲ್ಲೂ ಇದರಷ್ಟು ಚೆನ್ನಾದ ಶಾಲು ಬೇರೆ ಯಾವುದರಲ್ಲೂ ಬರಲಿಲ್ಲ. ಶಾಲಿನಿಂದ ಎದ್ದ ಒಂದು ಉಣ್ಣೆಯ ಎಳೆ, ಅದರ ನೆರಳು ಸಮೇತ ಇತ್ತು. ಯಾವುದನ್ನೂ ಊಹೆ ಮಾಡಿ ತುಂಬಿದ್ದಲ್ಲ, ಎಲ್ಲ ನಿಜವಾದ ಬೆಳಕು. ಆದರೆ ಅಲುಗಾಡುವ ಯಾವುದಕ್ಕೂ ಇದು ಆಗುವುದಿಲ್ಲ. ಕಟ್ಟಡ, ರಾತ್ರಿ ಆಕಾಶ, ನಿಶ್ಚಲ ವಸ್ತು ತೆಗೆಯುವವರಿಗೆ ಮೊದಲ ಆಯ್ಕೆ ಇದೇ ಆಗಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಆಕಾಶಕ್ಕಾದರೆ ನಕ್ಷತ್ರಗಳನ್ನು ಒಂದರ ಮೇಲೊಂದು ಸರಿಹೊಂದಿಸಿಕೊಳ್ಳಬೇಕು, ಅಷ್ಟೆ.

ಗೋಡೆಯ ವಿಷಯ ಹೇಳಲೇಬೇಕು. ನಾಯ್ಸ್ ಪೂರ್ತಿ ತೆಗೆದ ಫೋಟೊಗಳನ್ನು ಜೆಪೆಗ್ ಮಾಡಿದಾಗ ಲ್ಯಾಂಪ್‌ನಿಂದ ಕತ್ತಲೆಗೆ ಹೋಗುವ ಗೋಡೆಯ ಮೇಲೆ ಪಟ್ಟೆ ಪಟ್ಟೆ ಬಂದವು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮಟ್ಟ ಮಾತ್ರ. ನಾಯ್ಸ್ ಇದ್ದಾಗ ಅದು ಮಟ್ಟಗಳ ಗಡಿಯನ್ನು ಮರೆಮಾಡುತ್ತದೆ. ತೆಗೆದರೆ ಗಡಿ ಎದ್ದು ಕಾಣುತ್ತದೆ. ಸಣ್ಣ ಗ್ರೇನ್ (ಮರಳಿನಂಥ ಕಣ) ವಾಪಸ್ ಸೇರಿಸಿದ ಕೂಡಲೇ ಪಟ್ಟೆ ಮಾಯ. ನಾಯ್ಸ್ ಅಂದರೆ ಬರೀ ಕಸ ಅಂತ ತಿಳಿದಿದ್ದ ನನಗೆ ಇದು ಹೊಸದು.

ಇಷ್ಟಾದ ಮೇಲೆ ಗುಂಪಿಗೆ ಕಳಿಸಿದೆ. ಅಭಿಪ್ರಾಯ ಕೇಳುವುದನ್ನೂ ಮೂರು ಥರ ಮಾಡಿ ನೋಡಿದೆ. ಈ ಇಡೀ ಪ್ರಯೋಗದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಈ ಭಾಗವೇ.

ಮೊದಲ ಸಲ ಒಂದೇ ಫೋಟೊ ಕಳಿಸಿ "ಹೇಗಿದೆ?" ಅಂದೆ. "ಸೂಪರ್", "ಚೆನ್ನಾಗಿದೆ", ಎರಡು ಕೈಮುಗಿದ ಚಿಹ್ನೆ. ಪ್ರೀತಿಯಿಂದ ಹೇಳಿದ್ದೇ, ಆದರೆ ಅದರಿಂದ ನನಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ತಪ್ಪು ಅವರದ್ದಲ್ಲ, ಪ್ರಶ್ನೆಯೇ ಹಾಗಿತ್ತು.

ಎರಡನೆಯ ಸಲ ಎರಡು ಫೋಟೊ: ಒಂದಕ್ಕೆ ಎಐ ಪೂರ್ತಿ ಬಲ, ಇನ್ನೊಂದಕ್ಕೆ ಲ್ಯೂಮಿನೆನ್ಸ್ 15. ಯಾವುದು ಯಾವುದು ಅಂತ ಹೇಳದೆ, "ಯಾವುದು ಇಷ್ಟ?" ಅಂದೆ. ಐವರಲ್ಲಿ ನಾಲ್ವರು ಎಐ ಫೋಟೊ ಆರಿಸಿದರು. ಬೇಸರವಾಯಿತು. ಮರುದಿನ ಎರಡನ್ನೂ ಮತ್ತೆ ತೆರೆದು ನೋಡಿದರೆ ಎಐ ಫೋಟೊ ಒಂಚೂರು ಹೆಚ್ಚು ಬೆಳಕಾಗಿತ್ತು, ಸುಮಾರು ಕಾಲು ಸ್ಟಾಪ್. ಎಡಿಟ್ ಮಾಡುವಾಗ ನಾನೇ ಸ್ಲೈಡರ್ ತಾಗಿಸಿದ್ದೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಕಣ್ಣು ಹೆಚ್ಚು ಬೆಳಕಿನ ಕಡೆಗೇ ವಾಲುತ್ತದೆ. ಎರಡರ ಬೆಳಕನ್ನೂ ಸರಿಸಮ ಮಾಡಿ, ಹಿಂದು ಮುಂದು ಬದಲಿಸಿ ಮತ್ತೆ ಕಳಿಸಿದೆ. ಈ ಸಲ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಒಬ್ಬರು "ಎರಡೂ ಒಂದೇ ಅಲ್ವಾ?" ಅಂತಲೂ ಕೇಳಿ ಆಮೇಲೆ ಆರಿಸಿದರು.

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಫೋಟೊ 6000 ಪಿಕ್ಸೆಲ್ ಅಗಲ. ಹಂಚುವಾಗ ನಾನು 1500ಕ್ಕೆ ಇಳಿಸುತ್ತೇನೆ. ಅಂದರೆ 16 ಪಿಕ್ಸೆಲ್ ಸೇರಿ ಒಂದಾಗುತ್ತದೆ. ಹದಿನಾರು ಫೋಟೊ ಸ್ಟ್ಯಾಕ್ ಮಾಡಿದಾಗ ಆಗುವುದೇ ಇಲ್ಲೂ ಆಗುತ್ತದೆ, ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಬದಲಿಗೆ ಸಣ್ಣ ವಿವರ ಹೋಗುತ್ತದೆ. ಮೊಬೈಲಿನಲ್ಲಿ ನೋಡುವವರಿಗೆ ನಾನು ಮೂರು ವಾರ ಗುದ್ದಾಡಿದ ಮರಳು ಕಾಣುವುದೇ ಇಲ್ಲ.

ಮೂರನೆಯ ಸಲ ಪ್ರಶ್ನೆ ಬದಲಿಸಿದೆ. ಎರಡು ಪ್ರಶ್ನೆ. "ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅಪ್ಪನ ಮುಖ ನೋಡಿದರೆ ಏನು ಅನ್ನಿಸುತ್ತೆ?" ಉತ್ತರಗಳು ಬೇರೆಯೇ ಥರ ಬಂದವು. ಅಪ್ಪನನ್ನು ಚೆನ್ನಾಗಿ ಬಲ್ಲ ಗೆಳತಿಯೊಬ್ಬಳು ಎಐ ಫೋಟೊ ನೋಡಿ, "ಅಂಕಲ್ ಶೇವ್ ಮಾಡಿದ್ದಾರಾ? ಏನೋ ಬೇರೆ ಥರ ಕಾಣ್ತಾರೆ" ಅಂದಳು. ಅಷ್ಟು ಸಣ್ಣ ಗಾತ್ರದಲ್ಲೂ ಅವಳಿಗೆ ಅದು ತಾಗಿತ್ತು. ಅವಳು ನೋಡಿದ್ದು ನಾಯ್ಸ್ ಅಲ್ಲ, ಅಪ್ಪನನ್ನು. ಇನ್ನು ಹಿಂದೆ ಡಾರ್ಕ್‌ರೂಮಿನಲ್ಲಿ ಕಪ್ಪು ಬಿಳುಪು ಪ್ರಿಂಟ್ ಮಾಡಿ ಪಳಗಿದ ಹಿರಿಯರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಅವರು ಫೋನ್ ಮಾಡಿದರು. "ನಾಯ್ಸ್ ಬಿಡಪ್ಪ, ಅದು ಯಾರಿಗೆ ಬೇಕು. ನನ್ನ ಕಣ್ಣು ಆ ಲ್ಯಾಂಪ್ ಬಿಟ್ಟು ಈಚೆಗೆ ಬರ್ತಾ ಇಲ್ಲ. ಸುಟ್ಟು ಹೋಗಿದೆಯಲ್ಲ ಅದು."

ಐದು ಜನರಲ್ಲಿ ನಾಲ್ವರು, ಕಣ್ಣು ಮೊದಲು ಹೋಗಿದ್ದು ಲ್ಯಾಂಪ್ ಶೇಡ್‌ಗೆ ಅಂತಲೇ ಬರೆದಿದ್ದರು. ಬರೆದ ಉತ್ತರಗಳಲ್ಲಿ ನಾಯ್ಸ್ ಎಂಬ ಪದವನ್ನು ಒಬ್ಬರೂ ಎತ್ತಿರಲಿಲ್ಲ.

ಹಾಗಾಗಿ ಮತ್ತೆ ಎಕ್ಸ್‌ಪೋಶರ್‌ಗೆ ವಾಪಸ್ ಬಂದೆ. ಮೊದಲು ಕಡೆಗಣಿಸಿದ್ದ ಎರಡನೆಯ ದಾರಿ, ಐಎಸ್‌ಒ 800ರದ್ದು, ಈಗ ಮುಂದೆ ಬಂತು. ಶೇಡ್ ಉಳಿಸಿಕೊಂಡು ಮುಖ ಎತ್ತಬಹುದಲ್ಲ. ಮಾಡಿದೆ, ಪರವಾಗಿಲ್ಲ ಅನ್ನಿಸಿತು. ಆದರೆ ಗಲ್ಲದ ಮೇಲೆ ಬೆಳಕು ಮೊದಲಿನಷ್ಟೇ ಕಡಿಮೆ, ಮರಳು ಮೊದಲಿನಷ್ಟೇ. ಅದನ್ನು ಆ ಹಿರಿಯರಿಗೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಕುರ್ಚಿ ಲ್ಯಾಂಪ್‌ನಿಂದ ಎಷ್ಟು ದೂರ ಇದೆ?"

ಅಳೆದೆ. ಬಲ್ಬಿನಿಂದ ಅಪ್ಪನ ಮುಖಕ್ಕೆ ಸುಮಾರು ಒಂದು ಮೀಟರ್. ಅದನ್ನು ಅರ್ಧ ಮೀಟರ್ ಮಾಡಿದರೆ ಮುಖಕ್ಕೆ ಬೀಳುವ ಬೆಳಕು ಹತ್ತಿರ ಹತ್ತಿರ ನಾಲ್ಕು ಪಟ್ಟು, ಎರಡು ಸ್ಟಾಪ್. ಲ್ಯಾಂಪ್ ಶೇಡಿನ ಹೊಳಪು ಮಾತ್ರ ಮೊದಲಿನಷ್ಟೇ ಇರುತ್ತದೆ. ಅಂದರೆ ಮುಖಕ್ಕೂ ಶೇಡ್‌ಗೂ ಇದ್ದ ಬೆಳಕಿನ ಅಂತರ ಎರಡು ಸ್ಟಾಪ್ ಕಡಿಮೆಯಾಗುತ್ತದೆ. ಇಷ್ಟು ಸರಳ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕ್ಯಾಮೆರಾ ಮತ್ತು ಕಂಪ್ಯೂಟರ್ ಬಿಟ್ಟು ಕುರ್ಚಿಯ ಕಡೆ ನೋಡಬೇಕು ಅಂತ ಹೊಳೆದಿರಲಿಲ್ಲ.

ಅಂದು ರಾತ್ರಿ ಕೇಳಿದೆ, "ಅಪ್ಪಾ, ಕುರ್ಚಿ ಸ್ವಲ್ಪ ಲ್ಯಾಂಪ್ ಹತ್ತಿರ ಎಳೀಲಾ?" "ಎಳಿ, ನನಗೂ ಅಕ್ಷರ ಚೆನ್ನಾಗಿ ಕಾಣುತ್ತೆ" ಅಂದರು. ಎಫ್ 2.8, ಶಟರ್ 1/125, ಐಎಸ್‌ಒ 1600. ಶಟರ್ ನಿಧಾನ ಮಾಡಬೇಕಾಗಲಿಲ್ಲ, ಅಪ್ಪ ಪುಟ ತಿರುಗಿಸುತ್ತಲೇ ಇದ್ದರು. ಎಂಟು ಫೋಟೊ ತೆಗೆದೆ, ಆರು ಶಾರ್ಪ್. ಶೇಡಿನ ಹೊಲಿಗೆ ರಾ ಫೈಲಿನಲ್ಲಿ ಪೂರ್ತಿ ಸಿಕ್ಕಿತು, ಹೈಲೈಟ್ ಸ್ವಲ್ಪ ಇಳಿಸಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಡಿನಾಯ್ಸ್‌ನಲ್ಲಿ ಕಲರ್ 25, ಲ್ಯೂಮಿನೆನ್ಸ್ 10. ಕಪಾಟಿನ ಮೂಲೆಯಲ್ಲಿ ಮರಳು ಇನ್ನೂ ಇದೆ, ಅದನ್ನು ಹಾಗೇ ಬಿಟ್ಟಿದ್ದೇನೆ.

ಗುಂಪಿಗೆ ಅದೇ ಎರಡು ಪ್ರಶ್ನೆಯ ಜೊತೆ ಕಳಿಸಿದೆ. ಕಣ್ಣು ಮೊದಲು ಹೋಗಿದ್ದು ಮೂವರಿಗೆ ಮುಖಕ್ಕೆ, ಒಬ್ಬರಿಗೆ ಪುಟದ ಮೇಲಿಟ್ಟ ಬೆರಳಿಗೆ. ಗೆಳತಿ ಬರೆದಳು: "ಇವತ್ತು ಅಂಕಲ್ ಶೇವ್ ಮಾಡಿಲ್ಲ."